ರಾಣಿಗೆ ಹಲ್ಲುಜ್ಜುವುದು ಹೇಗೆ? ಬ್ರಷ್ ಡಬ್ಬಿ ಕಂಡರೆ ಮಂಚದ ಕೆಳಗೆ ಓಡುತ್ತಾಳೆ

ಗಣಿತ ಮೇಷ್ಟ್ರು, ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ನಾಯಿ ರಾಣಿಗೆ ವಯಸ್ಸು 6, ತೂಕ 9 ಕೆಜಿ. ಪಾಮೇರಿಯನ್ ಎಂದು ಹೇಳಿ ಕೊಟ್ಟಿದ್ದರು. ಡಾಕ್ಟರ್ ನೋಡಿ, "ಇದು ಇಂಡಿಯನ್ ಸ್ಪಿಟ್ಜ್ ಸರ್, ನಮ್ಮ ಕಡೆ ಬಿಳಿ ಜೂಲಿನ ನಾಯಿಗೆಲ್ಲ ಪಾಮೇರಿಯನ್ ಅಂತಲೇ ಹೆಸರು" ಎಂದರು. ತಂದು ಸಾಕಿದ್ದು ಮಗಳು. ಅವಳು ಮದುವೆಯಾಗಿ ಪುಣೆಗೆ ಹೋದಳು. ರಾಣಿ ನಮ್ಮಿಬ್ಬರ ಪಾಲಿಗೆ ಉಳಿದಳು.

ಬೆಳಿಗ್ಗೆ ಆರೂವರೆಗೆ ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕೂತರೆ ಅವಳು ನನ್ನ ತೊಡೆಯ ಮೇಲೆ ಗಲ್ಲ ಊರಿ ಮಲಗುತ್ತಾಳೆ. ಈಗ ನಾಲ್ಕೈದು ತಿಂಗಳಿಂದ ಅವಳು ಒಂದು ಸಲ ಆಕಳಿಸಿದರೆ ಸಾಕು, ಕಾಫಿಯ ಘಮವೆಲ್ಲ ಹೋಗಿ ಮುಸುರೆ ಬಾನಿಯ ವಾಸನೆ ಬರುತ್ತದೆ. ತುಟಿ ಎತ್ತಿ ನೋಡಿದೆ. ಮುಂದಿನ ಹಲ್ಲು ಪರವಾಗಿಲ್ಲ. ಹಿಂದೆ ದವಡೆಯ ಹತ್ತಿರ ಕಂದು ಬಣ್ಣದ ಪಾಚಿ, ಹಳೇ ಬಚ್ಚಲ ಗೋಡೆಗೆ ಕಟ್ಟುತ್ತದಲ್ಲ, ಹಾಗೆ. ಬಲಗಡೆ ಜಾಸ್ತಿ.

ಲಸಿಕೆಗೆ ಹೋದಾಗ ಡಾಕ್ಟರಿಗೆ ಹೇಳಿದೆ. ಹೊರಗೆ ಹದಿನೈದು ಜನ ಕಾಯುತ್ತಿದ್ದರು. "ಟಾರ್ಟರ್ ಕಟ್ಟಿದೆ, ಕ್ಲೀನಿಂಗ್ ಮಾಡಿಸಿ, ಆಮೇಲೆ ದಿನಾ ಬ್ರಷ್ ಮಾಡಿ" ಎಂದರು. ಹೇಗೆ ಎಂದು ಕೇಳುವಷ್ಟರಲ್ಲಿ ನಾನು ಬಾಗಿಲಾಚೆ ಇದ್ದೆ.

ಮನೆಗೆ ಬಂದವನೇ ನನ್ನದೇ ಹಳೇ ಬ್ರಷ್ಷಿಗೆ ನಾವು ಬಳಸುವ ಪೇಸ್ಟ್ ಹಚ್ಚಿ ಶುರು ಮಾಡಿದೆ. ಬಾಯಿ ತುಂಬ ನೊರೆ. ಅವಳಿಗೆ ಉಗುಳಲು ಬರುವುದಿಲ್ಲವಲ್ಲ, ನುಂಗಿದಳು. ಸ್ವಲ್ಪ ಹೊತ್ತಿಗೆ ತುಳಸಿಕಟ್ಟೆಯ ಹತ್ತಿರ ವಾಂತಿ. ನನ್ನಾಕೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮಗಳು ಬೆರಳಿಗೆ ಹಾಕಿಕೊಳ್ಳುವ ರಬ್ಬರ್ ಬ್ರಷ್ ಕಳಿಸಿದಳು. ನನ್ನಾಕೆ ಹಿಂದಿನಿಂದ ಹಿಡಿದುಕೊಂಡಳು, ನಾನು ಬಾಯಿ ಬಿಡಿಸಿದೆ. ರಾಣಿ ರಬ್ಬರನ್ನೂ ಸೇರಿಸಿ ಹೆಬ್ಬೆರಳು ಕಚ್ಚಿದಳು. ಈಗ ಆ ಡಬ್ಬಿ ತೆಗೆದ ಶಬ್ದ ಕೇಳಿದರೇ ಮಂಚದ ಕೆಳಗೆ.

ಒಂದು ವಿಷಯ ಹೇಳಲು ನಾಚಿಕೆ. ಅವಳ ಹಲ್ಲು ಎಣಿಸಲೂ ಹೊರಟಿದ್ದೆ. ಬೆಳೆದ ನಾಯಿಗೆ 42 ಹಲ್ಲು ಇರಬೇಕು. ಲೆಕ್ಕ 17ಕ್ಕೆ ಬಂದಾಗ ಬಾಯಿ ಮುಚ್ಚಿದಳು.

ನನ್ನ ಪ್ರಶ್ನೆಗಳು ಇಷ್ಟು. ಯಾವ ಪೇಸ್ಟ್? ದಿನಾ ಉಜ್ಜಲೇಬೇಕಾ? ಉಜ್ಜಿದರೆ ಆ ಕಂದು ಪಾಚಿ ಹೋಗುತ್ತದಾ, ಅಥವಾ ಮತ್ತು ಬರಿಸಿಯೇ ತೆಗೆಸಬೇಕಾ? ಮತ್ತಿನ ಇಂಜೆಕ್ಷನ್ ಎಂದರೆ ನನ್ನಾಕೆಗೆ ಭಯ. ಅವಳು ಉಪ್ಪು, ಇದ್ದಿಲು ಪುಡಿ ಹಾಕಿ ತಿಕ್ಕೋಣ ಅನ್ನುತ್ತಾಳೆ. ಪಕ್ಕದ ಮನೆಯವರು ಮೂಳೆ ಹಾಕಿ, ತಾನಾಗಿ ಸರಿಹೋಗುತ್ತದೆ ಅನ್ನುತ್ತಾರೆ. ನಮ್ಮದು ಸಸ್ಯಾಹಾರಿ ಮನೆ, ಅದೊಂದು ಬೇರೆ ಪಂಚಾಯ್ತಿ.

ತೋಟದ ಮನೆ, ಸಕಲೇಶಪುರ:

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಮ್ಮಪ್ಪನ ಕಾಲದಿಂದ ತೋಟದಲ್ಲಿ ನಾಲ್ಕೈದು ನಾಯಿ ಇದ್ದೇ ಇವೆ. ಯಾವುದಕ್ಕೂ ಯಾರೂ ಹಲ್ಲು ಉಜ್ಜಿಲ್ಲ. ಮೂಳೆ ಕಡಿಯುತ್ತವೆ, ಕಾಡುಹಂದಿಗೆ ಬೊಗಳುತ್ತವೆ, ಆರಾಮಾಗಿ ಹನ್ನೆರಡು ವರ್ಷ ಬದುಕುತ್ತವೆ. ಪೇಟೆಯವರು ಬಿಸ್ಕತ್ತು ಹಾಕಿ ಸೋಫಾ ಮೇಲೆ ಮಲಗಿಸಿ ಆಮೇಲೆ ಡಾಕ್ಟರ ಹತ್ತಿರ ಓಡುತ್ತಾರೆ. ಸುಮ್ನೆ ಒಂದು ಒಳ್ಳೆ ಮೂಳೆ ಕೊಡಿ.

ಟೈಲರ್ ಅಕ್ಕ, ಶಿವಮೊಗ್ಗ:

ಮೇಷ್ಟ್ರೇ, ದಯವಿಟ್ಟು ಮೂಳೆ ಕೊಡಬೇಡಿ. ಯಾಕೆ ಅಂತ ನನ್ನದೇ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ನನಗೆ ಮೊದಲು ಬೆಳ್ಳಿ ಅಂತ ಒಂದು ಹೆಣ್ಣು ನಾಯಿ ಇತ್ತು. ಅಂಗಡಿಯಲ್ಲಿ ಕತ್ತರಿಸಿದ ಬಟ್ಟೆ ಚೂರುಗಳ ರಾಶಿಯ ಮೇಲೇ ಮಲಗಿ ಬೆಳೆದಿದ್ದು. ಭಾನುವಾರ ಮನೆಯಲ್ಲಿ ಮಟನ್ ಮಾಡಿದರೆ ಕಾಲಿನ ಮೂಳೆ ಅವಳಿಗೆ. ಏಳು ವರ್ಷ ಹಾಗೇ ನಡೆಯಿತು. ಒಂದು ದೀಪಾವಳಿಯ ಹಿಂದಿನ ದಿನ, ಬ್ಲೌಸು ಕೊಡಲು ಜನ ಬಾಗಿಲಲ್ಲಿ ನಿಂತಿದ್ದಾರೆ, ಬೆಳ್ಳಿ ಎದ್ದು ಬಂದಳು. ಬಲಗಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಊತ. ಜೇನು ಹೊಡೆದಿರಬೇಕು ಅಂದುಕೊಂಡು ಅರಿಶಿನ ಹಚ್ಚಿದೆ. ಹತ್ತಿರದ ಡಾಕ್ಟರೂ ಹಾಗೇ ಅಂದುಕೊಂಡು ಮಾತ್ರೆ ಕೊಟ್ಟರು. ಇಳಿಯಿತು. ಇಪ್ಪತ್ತು ದಿನಕ್ಕೆ ಮತ್ತೆ ಬಂತು. ಮತ್ತೆ ಮಾತ್ರೆ, ಮತ್ತೆ ಇಳಿಯಿತು. ಮೂರನೇ ಸಲ ಅದು ಒಡೆದು ಕಣ್ಣಿನ ಕೆಳಗಿಂದ ಕೀವು ಸುರಿಯಿತು.

ಆಗ ಬೇರೆ ಡಾಕ್ಟರಲ್ಲಿ ತೋರಿಸಿದೆ. ಅವರು ಕಣ್ಣು ನೋಡಲೇ ಇಲ್ಲ, ನೇರ ತುಟಿ ಎತ್ತಿದರು. ಮೇಲಿನ ದವಡೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ, ಗುಡ್ಡದ ಹಾಗೆ ಒಂದು ಹಲ್ಲು ಇರುತ್ತದೆ. ಅದಕ್ಕೆ ಮೂರು ಬೇರು. ಆ ಬೇರುಗಳು ಕಣ್ಣಿನ ಕೆಳಗಿನ ಮೂಳೆಯವರೆಗೆ ಹೋಗಿರುತ್ತವೆ. ಬೆಳ್ಳಿಯ ಆ ಹಲ್ಲು ಮೂಳೆ ಕಡಿದು ಕಡಿದು ಚಕ್ಕೆ ಎದ್ದು ಸೀಳಿತ್ತು. ಸೀಳಿನಲ್ಲಿ ಕೀವು ಇಳಿದು ಕಣ್ಣಿನ ಕೆಳಗೆ ಬಂದಿತ್ತು. ಅದನ್ನೂ ಅಲ್ಲಾಡುತ್ತಿದ್ದ ಇನ್ನು ಆರನ್ನೂ ಸೇರಿಸಿ ಒಟ್ಟು 7 ಹಲ್ಲು ಕಿತ್ತರು. ಅಷ್ಟು ನೋವಿದ್ದರೂ ಅವಳು ಒಂದು ದಿನವೂ ಊಟ ಬಿಟ್ಟಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕಾಡುವುದು. ನಾಯಿ ಹಲ್ಲು ನೋವು ಅಂತ ಹೇಳುವುದಿಲ್ಲ. ಇನ್ನೊಂದು ಕಡೆಯಿಂದ ಅಗಿಯಲು ಶುರು ಮಾಡುತ್ತದೆ, ಅಷ್ಟೇ.

ಕಿತ್ತ ಎರಡು ವಾರಕ್ಕೆ ಅವಳು ಮರಿಯ ಹಾಗೆ ಬಟ್ಟೆ ಚೂರು ಕಚ್ಚಿಕೊಂಡು ಓಡಾಡಿದಳು. ವಯಸ್ಸಾಯಿತು, ಮಂಕಾದಳು ಅಂತ ನಾವು ಅಂದುಕೊಂಡಿದ್ದು ಬರೀ ಹಲ್ಲು ನೋವು. ಆಮೇಲೆ 13 ವರ್ಷದವರೆಗೆ ಇದ್ದಳು.

ಈಗ ಕರಿಯ ಇದ್ದಾನೆ. ಬಸ್ ಸ್ಟ್ಯಾಂಡಿನಿಂದ ಮಳೆಯಲ್ಲಿ ನನ್ನ ಹಿಂದೆಯೇ ಬಂದವನು. ಬೀದಿಯಲ್ಲಿ ಬೆಳೆದವನು, ಮುಖಕ್ಕೆ ಕೈ ತಂದರೆ ಗುರ್ ಅನ್ನುತ್ತಿದ್ದ. ಅವನಿಗೆ ಈಗ ರಾತ್ರಿ ಹಲ್ಲುಜ್ಜದಿದ್ದರೆ ನಿದ್ದೆ ಬರುವುದಿಲ್ಲ. ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ನಾನು ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ಮೊದಲ ದಿನವೇ ಬಟ್ಟೆ ಕೊಡುವುದಿಲ್ಲ. ಗೆರೆ ಹಾಕಿದ ಪೇಪರ್ ಮೇಲೆ, ದಾರ ಇಲ್ಲದ ಸೂಜಿಯಲ್ಲಿ ಮೆಷಿನ್ ಓಡಿಸಬೇಕು. ಕಾಲು, ಕೈ, ಕಣ್ಣು ಒಂದಾದ ಮೇಲೆ ದಾರ. ಕರಿಯನಿಗೂ ಅದೇ ಪಾಠ. ಮೊದಲ ವಾರ ಬ್ರಷ್ ಹೊರಗೇ ತೆಗೆಯಲಿಲ್ಲ. ರಾತ್ರಿ ಊಟ ಆದ ಮೇಲೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂರುವುದು, ನಾಯಿಗೇ ಅಂತ ಬರುವ ಪೇಸ್ಟನ್ನು ಕಡಲೆಕಾಳಷ್ಟು ಬೆರಳಿಗೆ ಹಚ್ಚಿ ನೆಕ್ಕಿಸುವುದು, ಎದ್ದು ಹೋಗುವುದು. ಅಷ್ಟೇ. ಮೂರನೇ ದಿನ ಅವನೇ ಹೋಗಿ ಕಲ್ಲಿನ ಹತ್ತಿರ ಕೂತಿದ್ದ.

ಎರಡನೇ ವಾರ ನೆಕ್ಕುವಾಗಲೇ ಇನ್ನೊಂದು ಕೈಯಿಂದ ಮೆಲ್ಲಗೆ ತುಟಿ ಮುಟ್ಟುವುದು, ಆಮೇಲೆ ಎತ್ತುವುದು. ಗುರ್ ಅಂದರೆ ನಿಲ್ಲಿಸಿ ಮಾರನೇ ದಿನ ಒಂದು ಹೆಜ್ಜೆ ಹಿಂದಿನಿಂದ ಶುರು. ಸಿಟ್ಟಿಲ್ಲ, ಬೈಗುಳ ಇಲ್ಲ. ಆಮೇಲೆ ಒದ್ದೆ ಮಲ್ ಬಟ್ಟೆ ಬೆರಳಿಗೆ ಸುತ್ತಿ ಕೋರೆಹಲ್ಲು ಮಾತ್ರ ಒರೆಸಿದೆ. ಬ್ರಷ್ ಬಂದಿದ್ದು ಇಪ್ಪತ್ತನೇ ದಿನಕ್ಕೆ. ಅದೂ ಚಿಕ್ಕ ಮಕ್ಕಳ ಬ್ರಷ್, ಎಲ್ಲಕ್ಕಿಂತ ಮೆತ್ತಗಿರುವುದು. ನಿಮ್ಮ ರಬ್ಬರ್ ಬೆರಳು ಬ್ರಷ್ ನನಗೆ ಇಷ್ಟ ಇಲ್ಲ. ಅದರ ಮುಳ್ಳು ದಪ್ಪ, ವಸಡಿನ ಅಂಚಿಗೆ ಇಳಿಯುವುದಿಲ್ಲ. ಮೇಲಾಗಿ ನಮ್ಮ ಬೆರಳು ಪೂರ್ತಿ ಅವರ ಹಲ್ಲಿನ ಮಧ್ಯೆ ಇರುತ್ತದೆ.

ನೀವು ಮಾಡಿದ ದೊಡ್ಡ ತಪ್ಪು ಯಾವುದು ಗೊತ್ತಾ? ಬಾಯಿ ಬಿಡಿಸಿದ್ದು. ಬಾಯಿ ಬಿಡಿಸುವುದೇ ಬೇಡ! ಬಾಯಿ ಮುಚ್ಚಿಯೇ ಇರಲಿ. ತುಟಿಯನ್ನು ಪರದೆ ಸರಿಸಿದ ಹಾಗೆ ಮೇಲೆತ್ತಿದರೆ ಹೊರಗಿನ ಬದಿ ಪೂರ್ತಿ ಕಾಣುತ್ತದೆ. ಪಾಚಿ ಜಾಸ್ತಿ ಕಟ್ಟುವುದು ಅಲ್ಲೇ. ಒಳಗಿನ ಬದಿಯನ್ನು ನಾಲಿಗೆ ಸುಮಾರಾಗಿ ನೋಡಿಕೊಳ್ಳುತ್ತದೆ. ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಅಥವಾ ಸ್ವಲ್ಪ ಹಿಂದೆ ಕೂತುಕೊಳ್ಳಿ. ಮೇಲಿಂದ ಬಗ್ಗಿದರೆ ಯಾವ ನಾಯಿಗಾದರೂ ಹೆದರಿಕೆ. ಹಿಂದಿನಿಂದ ಒಬ್ಬರು ಹಿಡಿದುಕೊಂಡರಂತೂ ಅದು ಹಲ್ಲುಜ್ಜುವುದಲ್ಲ, ಪೊಲೀಸ್ ಕೆಲಸ.

ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವ ಗೆರೆಗೆ ಓರೆಯಾಗಿ ಇಡಿ. ಜೇಬಿಗೆ ಅಂಚಿನ ಹೊಲಿಗೆ ಹಾಕುತ್ತೇವಲ್ಲ, ಹಾಗೆ ಅಂಚಿನಲ್ಲೇ ಓಡಬೇಕು, ಚಿಕ್ಕ ಚಿಕ್ಕ ಸುತ್ತು. ನಾನು ಒಂದು ಬದಿಗೆ ಮೂವತ್ತು ಎಣಿಸುತ್ತೇನೆ, ಇನ್ನೊಂದು ಬದಿಗೆ ಮೂವತ್ತು. ನೀವು ಗಣಿತದವರು, ಎಣಿಸುವುದು ನಿಮಗೆ ಹೇಳಿಕೊಡಬೇಕಾ.

ಪಶುವೈದ್ಯೆ, ಹಾಸನ:

ಅಕ್ಕ ಹೇಳಿದ ಕ್ರಮಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು ಸೇರಿಸುವುದು ಕೆಲವೇ ವಿಷಯ. ಆದರೆ ಮೇಷ್ಟ್ರ ವಿಷಯದಲ್ಲಿ ಮೊದಲು ಮಾಡಬೇಕಾದ್ದು ಬ್ರಷ್ ಅಲ್ಲ.

ಊಟದ ನಂತರ ಹಲ್ಲಿನ ಮೇಲೆ ಮೆತ್ತಗಿನ ಲೋಳೆ ಪದರ ಕಟ್ಟುತ್ತದೆ. ಅದು ಬ್ರಷ್ಷಿಗೆ ಬರುತ್ತದೆ. ಎರಡು ಮೂರು ದಿನ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಅದೇ ಟಾರ್ಟರ್. ಗಾರೆ ಆದ ಮೇಲೆ ಯಾವ ಬ್ರಷ್ಷೂ ಅದನ್ನು ಕೀಳುವುದಿಲ್ಲ. ದಿನಾ ಉಜ್ಜಿ ಅನ್ನುವುದು ಈ ಲೆಕ್ಕದ ಮೇಲೆ. ವಾರಕ್ಕೊಮ್ಮೆ ಉಜ್ಜಿದರೆ ಅಷ್ಟರಲ್ಲಿ ಗಾರೆ ಕಟ್ಟಿ ಆಗಿರುತ್ತದೆ. ದಿನಾ ಆಗದಿದ್ದರೆ ದಿನ ಬಿಟ್ಟು ದಿನವಾದರೂ ಮಾಡಿ. ಮೇಲಿನ ದವಡೆಹಲ್ಲಿನ ಹೊರಬದಿಯಲ್ಲೇ ಜಾಸ್ತಿ ಕಟ್ಟಲು ಕಾರಣ, ಜೊಲ್ಲಿನ ನಾಳ ಬಾಯಿಗೆ ತೆರೆದುಕೊಳ್ಳುವುದು ಅಲ್ಲೇ. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರ. ಹಾಗಾಗಿ ನಮ್ಮ ಹಾಗೆ ಹುಳುಕು ಅವಕ್ಕೆ ಕಡಿಮೆ, ಗಾರೆ ಮಾತ್ರ ಬೇಗ.

ರಾಣಿಗೆ ಈಗಾಗಲೇ ಟಾರ್ಟರ್ ಕಟ್ಟಿದೆ, ವಾಸನೆ ಇದೆ, ಬಲಗಡೆ ಜಾಸ್ತಿ ಇದೆ. ಬಲಗಡೆ ನೋವಿರಬಹುದು, ಎಡಗಡೆ ಮಾತ್ರ ಅಗಿಯುತ್ತಿರಬಹುದು. ನೋವಿರುವ ವಸಡಿನ ಮೇಲೆ ಬ್ರಷ್ ಆಡಿಸಿದರೆ ಅವಳು ಕಚ್ಚಿದ್ದರಲ್ಲಿ ಆಶ್ಚರ್ಯ ಇಲ್ಲ. ಮೊದಲು ಆಸ್ಪತ್ರೆಯಲ್ಲಿ ಸ್ವಚ್ಛ ಮಾಡಿಸಿ, ವಸಡು ಮಾಯಲಿ, ಆಮೇಲೆ ಬ್ರಷ್.

ಅರಿವಳಿಕೆಯ ಭಯ ಅರ್ಥವಾಗುತ್ತದೆ. ಮುಂಚೆ ರಕ್ತ ಪರೀಕ್ಷೆ ಮಾಡಿ ಲಿವರ್, ಕಿಡ್ನಿ ನೋಡುತ್ತೇವೆ. ಉಸಿರಿನ ಕೊಳವೆಗೆ ಟ್ಯೂಬ್ ಹಾಕುವುದರಿಂದ ನೀರು, ಕೊಳೆ ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಮತ್ತಿಲ್ಲದೆ ಹತ್ತು ನಿಮಿಷದಲ್ಲಿ ಹಲ್ಲು ಬೆಳ್ಳಗೆ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ, ಹೋಗಬೇಡಿ. ಅವರು ಕಾಣುವ ಭಾಗ ಕೆರೆಯುತ್ತಾರೆ. ರೋಗ ಇರುವುದು ವಸಡಿನ ಕೆಳಗೆ. ಎಚ್ಚರ ಇರುವ ನಾಯಿಯ ವಸಡಿನ ಕೆಳಗೆ ಯಾರಿಗೂ ಕೈ ಹಾಕಲು ಆಗುವುದಿಲ್ಲ. ಕೆರೆದ ಮೇಲೆ ಪಾಲಿಷ್ ಮಾಡದೆ ಬಿಟ್ಟರೆ ಒರಟಾದ ಮೇಲ್ಮೈಗೆ ಪಾಚಿ ಇನ್ನೂ ಬೇಗ ಹಿಡಿಯುತ್ತದೆ.

ಮನುಷ್ಯರ ಪೇಸ್ಟ್ ಬೇಡವೇ ಬೇಡ. ನೊರೆ ಬರಿಸುವ ಸೋಪಿನಂಶ, ಫ್ಲೋರೈಡ್ ಎರಡೂ ನುಂಗಲು ಅಲ್ಲ. ಅದಕ್ಕಿಂತ ದೊಡ್ಡ ಅಪಾಯ ಕ್ಸೈಲಿಟಾಲ್ ಎಂಬ ಸಿಹಿ. ನಮಗೆ ಅದರಿಂದ ಅಂಥ ಅಪಾಯ ಇಲ್ಲ. ನಾಯಿಯ ಮೈಯಲ್ಲಿ ಇನ್ಸುಲಿನ್ ಉಕ್ಕಿಸಿ ಅರ್ಧ ಗಂಟೆಯಲ್ಲೇ ಸಕ್ಕರೆ ಕುಸಿಯುವಂತೆ ಮಾಡಬಲ್ಲದು, ಲಿವರನ್ನೂ ಕೆಡಿಸಬಲ್ಲದು. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ಮಿನಲ್ಲೂ ಇರುತ್ತದೆ. ಪ್ಯಾಕೆಟ್ ಹಿಂದೆ ಕೆಲವು ಸಲ 967 ಎಂಬ ಸಂಖ್ಯೆ ಮಾತ್ರ ಹಾಕಿರುತ್ತಾರೆ, ಅದೂ ಅದೇ. ರಾಣಿ ವಾಂತಿ ಮಾಡಿ ಸರಿಹೋಗಿದ್ದು ಪುಣ್ಯ. ನಾಯಿಗಳ ಎಂಜೈಮ್ ಪೇಸ್ಟ್ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಹೆಚ್ಚಿನವು ಕೋಳಿ ರುಚಿಯವು, ಬೇರೆ ರುಚಿಯವೂ ಇವೆ, ಮನೆಯ ಪಂಚಾಯ್ತಿ ಬಗೆಹರಿಸಬಹುದು. ಏನೂ ಸಿಗದಿದ್ದರೆ ಬರೀ ನೀರಿನಲ್ಲಿ ಅದ್ದಿದ ಬ್ರಷ್ ಸಾಕು. ಕೆಲಸ ಮಾಡುವುದು ಬ್ರಷ್ಷಿನ ಉಜ್ಜು. ಪೇಸ್ಟ್ ಅದರ ಜೊತೆಗಾರ. ಉಪ್ಪು ಹೊಟ್ಟೆಗೆ ಹೋಗುತ್ತದೆ, ಇದ್ದಿಲು ಹಲ್ಲಿನ ಹೊಳಪನ್ನು ಸವೆಸುತ್ತದೆ. ಅಮ್ಮನವರಿಗೆ ನಾನು ಹೇಳಿದೆ ಎಂದು ಹೇಳಿ.

ಅಗಿಯಲು ಏನು ಕೊಟ್ಟರೂ ಒಂದು ಪರೀಕ್ಷೆ ಇದೆ. ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪವಾದರೂ ತಗ್ಗು ಬೀಳಬೇಕು. ಬೀಳದಿದ್ದರೆ ಅದು ಹಲ್ಲು ಒಡೆಯುವಷ್ಟು ಗಟ್ಟಿ. ಬೇಯಿಸಿದ ಮೂಳೆಯಂತೂ ಚೂಪಾಗಿ ಸೀಳಿ ಕರುಳಿಗೂ ಅಪಾಯ.

ಕೊನೆಗೆ ಒಂದು, ಇದು ನಮ್ಮ ಕಡೆ ಮುಖ್ಯ. ಬ್ರಷ್ ಶುರು ಮಾಡಿದಾಗ ಉರಿಬಂದ ವಸಡಿನಿಂದ ಸ್ವಲ್ಪ ರಕ್ತ ಬರುವುದು ಉಂಟು. ಆದರೆ ಮುಟ್ಟದೆಯೇ ವಸಡಿನಲ್ಲಿ ರಕ್ತ ಜಿನುಗಿದರೆ, ಮೂಗಿನಲ್ಲಿ ರಕ್ತ ಬಂದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಕಂಡರೆ, ವಸಡು ಬಿಳಿಚಿಕೊಂಡಿದ್ದರೆ ಅದು ಹಲ್ಲಿನ ತೊಂದರೆ ಅಲ್ಲದಿರಬಹುದು. ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಯಿಂದ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದಾಗ ಹೀಗಾಗುತ್ತದೆ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ವಾಸನೆಯೂ ಅಷ್ಟೆ. ಮುಸುರೆ ವಾಸನೆ ಸಾಮಾನ್ಯವಾಗಿ ಹಲ್ಲಿನದು. ವಯಸ್ಸಾದ ನಾಯಿಯ ಬಾಯಲ್ಲಿ ಮೂತ್ರದಂಥ ಘಾಟು ಬಂದರೆ ಕಿಡ್ನಿ ನೋಡಿಸಬೇಕು.

ದಿನಾ ತುಟಿ ಎತ್ತಿ ನೋಡುವವರಿಗೆ ಇವೆಲ್ಲ ಬೇಗ ಕಾಣುತ್ತವೆ. ನಾನು ಬ್ರಷ್ ಮಾಡಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಬಂಗುಡೆಯ ಅಣ್ಣ, ಮಂಗಳೂರು:

ನಾಯಿಯವರ ಮಧ್ಯೆ ಬೆಕ್ಕಿನವನು ಬಂದೆ, ಕ್ಷಮಿಸಿ. ನನ್ನ ಬೆಕ್ಕಿನ ಹೆಸರು ಬಂಗುಡೆ. ತಿನ್ನುವುದೂ ಆ ಮೀನನ್ನೇ. ಬೆಕ್ಕಿಗೆ 30 ಹಲ್ಲು ಅಷ್ಟೇ ಮೇಷ್ಟ್ರೇ, ನಿಮ್ಮ ಲೆಕ್ಕ ಬೇಗ ಮುಗಿಯುತ್ತಿತ್ತು.

ನಾನು ಬ್ರಷ್ ಬದಲು ಕಿವಿಗೆ ಹಾಕುವ ಹತ್ತಿಕಡ್ಡಿ ಬಳಸುತ್ತೇನೆ. ಮೀನು ಬೇಯಿಸಿದ ನೀರಿನಲ್ಲಿ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೀಳುವ ಮೊದಲು ತೆಗೆದಿಟ್ಟ ನೀರಿನಲ್ಲಿ ಅದ್ದಿ, ಕೆನ್ನೆಯ ಬದಿಯಿಂದ ತೂರಿಸಿ ಮೂರು ನಾಲ್ಕು ಸಲ ಆಡಿಸಿದರೆ ಮುಗಿಯಿತು. ಹತ್ತು ಸೆಕೆಂಡ್. ಬೆಕ್ಕಿನ ತಾಳ್ಮೆ ಅಷ್ಟೇ. ಹನ್ನೊಂದನೇ ಸೆಕೆಂಡಿಗೆ ಉಗುರು.

ಹೀಗೆ ಮಾಡುವಾಗಲೇ ಗೊತ್ತಾಗಿದ್ದು. ಕೆಳಗಿನ ಒಂದು ಹಲ್ಲು ಮುಟ್ಟಿದರೆ ಅವಳ ದವಡೆ ಚಳಿಯಲ್ಲಿ ನಡುಗಿದ ಹಾಗೆ ಪಟಪಟ ಅನ್ನುತ್ತಿತ್ತು. ವಸಡಿನ ಹತ್ತಿರ ಹಲ್ಲಿನ ಮೇಲೆ ಕೆಂಪು ಚುಕ್ಕೆ. ಡಾಕ್ಟರ್ ಎಕ್ಸ್‌ರೇ ತೆಗೆದು, ಬೆಕ್ಕುಗಳಲ್ಲಿ ಹಲ್ಲು ಬುಡದಿಂದ ತಾನಾಗಿ ಕರಗುವ ರೋಗ ಇದೆ, ಅದೇ ಇದು ಎಂದರು. ಉಜ್ಜಿಲ್ಲದ್ದರಿಂದ ಬಂದಿದ್ದಲ್ಲ, ಉಜ್ಜಿದರೆ ಹೋಗುವುದೂ ಅಲ್ಲ. ಆ ಹಲ್ಲು ಕೀಳಿಸಬೇಕಾಯಿತು. ಮಾರನೇ ದಿನವೇ ಒಲೆಯ ಪಕ್ಕ ಹಾಜರು.

ನನ್ನ ಅಜ್ಜಿ ಅದಕ್ಕೆ ಲವಂಗದ ಎಣ್ಣೆ ಹಚ್ಚಲು ಹೊರಟಿದ್ದರು. ನಮ್ಮ ಹಲ್ಲಿಗೆ ಹಚ್ಚಿಕೊಳ್ಳುತ್ತೇವಲ್ಲ. ಬೆಕ್ಕಿಗೆ ಅದು ವಿಷ, ಅದರ ಲಿವರಿಗೆ ಅರಗಿಸಿಕೊಳ್ಳಲು ಆಗುವುದಿಲ್ಲ. ಬೆಕ್ಕು ಇರುವವರು ಇದನ್ನು ನೆನಪಿಡಿ.

ತೋಟದ ಮನೆ, ಸಕಲೇಶಪುರ:

ಡಾಕ್ಟರಮ್ಮ, ಟೈಲರ್ ಅಕ್ಕ ಬರೆದಿದ್ದು ಓದಿ ತಮಾಷೆಗೆ ಅಂತ ನಮ್ಮ ರಾಮುವಿನ ತುಟಿ ಎತ್ತಿ ನೋಡಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಮೇಲಿನ ಎರಡೂ ಕೋರೆಹಲ್ಲು ಅರ್ಧಕ್ಕೆ ಸವೆದಿವೆ. ಚೈನು ಕಚ್ಚುವ ಚಟ ಅವನಿಗೆ. ಒಂದರ ತುದಿಯಲ್ಲಿ ಕಂದು ಚುಕ್ಕೆ, ನುಣ್ಣಗಿದೆ. ಇನ್ನೊಂದರಲ್ಲಿ ಕಪ್ಪು ತೂತು. ಊಟ ಮಾತ್ರ ಜೋರಾಗೇ ಮಾಡುತ್ತಾನೆ. ಏನು ಮಾಡಲಿ?

ಪಶುವೈದ್ಯೆ, ಹಾಸನ:

ನಿಧಾನಕ್ಕೆ ಸವೆದಾಗ ಹಲ್ಲು ಒಳಗಿನಿಂದ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕಂದು ಚುಕ್ಕೆ ನುಣ್ಣಗೆ, ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ಹಾಗೆ ಮುಚ್ಚಿಕೊಂಡದ್ದು. ಹಲ್ಲು ಬಣ್ಣಗೆಟ್ಟಿದೆಯಾ ಅಂತ ಆಗಾಗ ನೋಡುತ್ತಿರಿ. ಕಪ್ಪು ತೂತು ಎಂದರೆ ಒಳಗಿನ ನರದ ಕೋಣೆ ತೆರೆದುಕೊಂಡಿದೆ. ಸೋಂಕು ಬೇರಿಗೆ ಇಳಿಯುತ್ತದೆ. ಆ ಹಲ್ಲನ್ನು ತೋರಿಸಲೇಬೇಕು. ಊಟ ಮಾಡುವುದನ್ನು ಲೆಕ್ಕಕ್ಕೆ ಇಡಬೇಡಿ, ಬೆಳ್ಳಿಯೂ ಊಟ ಮಾಡುತ್ತಿದ್ದಳು. ಚೈನಿನ ಬದಲು ದಪ್ಪ ಹತ್ತಿ ಹಗ್ಗ ಕಟ್ಟಿ. ಕಡಿದರೆ ಹಗ್ಗ ಹೋಗುತ್ತದೆ, ಹಲ್ಲು ಉಳಿಯುತ್ತದೆ. ನೂಲು ನುಂಗದಂತೆ ನೋಡಿಕೊಳ್ಳಿ.

ತೋಟದ ಮನೆ, ಸಕಲೇಶಪುರ:

ಸೋಮವಾರ ಜೀಪಿನಲ್ಲಿ ಹಾಕಿಕೊಂಡು ಬರುತ್ತೇನೆ. ಮೇಷ್ಟ್ರೇ, ಮೂಳೆಯ ಮಾತು ವಾಪಸ್ ತಗೊಂಡೆ.

ಗಣಿತ ಮೇಷ್ಟ್ರು, ಮೈಸೂರು (ಎರಡು ತಿಂಗಳ ನಂತರ):

ಎಲ್ಲರಿಗೂ ವರದಿ ಒಪ್ಪಿಸಬೇಕು.

ನನ್ನಾಕೆಗೆ ಈ ಬರಹಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಬೆಳ್ಳಿಯ ಕಥೆ ಬಂದಾಗ ಅವಳು ಎದ್ದು ಹೋಗಿ ರಾಣಿಯ ಕಣ್ಣಿನ ಕೆಳಗೆ ಒತ್ತಿ ನೋಡಿ ಬಂದಳು. ಮಾರನೇ ದಿನ ಅವಳೇ ಆಸ್ಪತ್ರೆಗೆ ಫೋನ್ ಮಾಡಿದಳು. ಇದ್ದಿಲಿನ ಮಾತು ಮತ್ತೆ ಬರಲಿಲ್ಲ.

ರಕ್ತ ಪರೀಕ್ಷೆ ಸರಿ ಇತ್ತು. ಹಿಂದಿನ ರಾತ್ರಿ ಊಟ ಇಲ್ಲ. ಅವಳು ಉಪವಾಸ ಎಂದು ನಾವೂ ಬೇಗ ದೀಪ ಆರಿಸಿ ಮಲಗಿದೆವು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಒಂದೂವರೆ ಗಂಟೆ ಬಿಟ್ಟು ಬಂದರು. ಆ ಒಂದೂವರೆ ಗಂಟೆ ನಾವಿಬ್ಬರೂ ಬೆಂಚಿನ ಮೇಲೆ, ಮಗಳ ಪರೀಕ್ಷೆಯ ದಿನ ಕೂತ ಹಾಗೆ ಕೂತಿದ್ದೆವು. ಬಲಗಡೆ ಹಿಂದೆ ಎರಡು ಹಲ್ಲು ಅಲ್ಲಾಡುತ್ತಿದ್ದವಂತೆ, ಕಿತ್ತರು. ಡಾಕ್ಟರ್ ಸಂಜೆ ನಿಧಾನಕ್ಕೆ ಕೂರಿಸಿಕೊಂಡು ಎಕ್ಸ್‌ರೇ ತೋರಿಸಿ ಎಲ್ಲ ಹೇಳಿದರು. ಮೊದಲ ಸಲ ಅವರಿಗೆ ನಿಜವಾಗಿಯೂ ಸಮಯ ಇರಲಿಲ್ಲ ಅಷ್ಟೇ ಅನ್ನಿಸುತ್ತದೆ.

ಹಲ್ಲಿನ ಲೆಕ್ಕವನ್ನೂ ಕೇಳಿದೆ, ನಕ್ಕರು. ಮುಂಚೆ ಇದ್ದದ್ದು 41. ಕೆಳಗೆ ಎಡಗಡೆ ಒಂದು ಸಣ್ಣ ಹಲ್ಲು ಹುಟ್ಟಿದಾಗಿನಿಂದಲೇ ಇಲ್ಲ. ಅದು ವಸಡಿನ ಒಳಗೆ ಹುದುಗಿಕೊಂಡಿದ್ದರೆ ಮುಂದೆ ನೀರುಗುಳ್ಳೆ ಕಟ್ಟಿ ದವಡೆಯ ಮೂಳೆ ತಿನ್ನಬಹುದು, ಅದಕ್ಕೇ ಎಕ್ಸ್‌ರೇಯಲ್ಲಿ ಹುಡುಕಿದರು. ಒಳಗೂ ಇಲ್ಲ. ಈಗ 39. ಲೆಕ್ಕ ತಾಳೆಯಾಯಿತು, ನನಗೆ ಅಂದು ರಾತ್ರಿ ಒಳ್ಳೆ ನಿದ್ದೆ.

ಎರಡು ವಾರ ಬ್ರಷ್ ಬೇಡ ಅಂದರು. ಆ ಎರಡು ವಾರ ಅಕ್ಕ ಹೇಳಿದ ಪೇಪರ್ ಹೊಲಿಗೆ. ಹಳೇ ಡಬ್ಬಿ ಎಸೆದೆ, ಅದರ ಶಬ್ದವೇ ಬೇಡ ಅಂತ. ಕೋಳಿ ರುಚಿಯ ಪೇಸ್ಟ್ ತಂದೆ. ಅದನ್ನು ಜಗಲಿಯಲ್ಲೇ ಇಡಬೇಕು, ಅಡಿಗೆಮನೆಗೆ ತರಕೂಡದು ಎಂದು ಷರತ್ತು. ಪೇಪರ್ ಓದಿ ಮುಗಿಸಿದ ಮೇಲೆ ನೆಕ್ಕಿಸುತ್ತಿದ್ದೆ. ಈಗ ನಾನು ಪೇಪರ್ ಮಡಿಸುವ ಶಬ್ದಕ್ಕೇ ಎದ್ದು ಕೂರುತ್ತಾಳೆ. ಮೂರು ದಿನದಿಂದ ಬ್ರಷ್ ಕೂಡ ನಡೆಯುತ್ತಿದೆ, ಮೂವತ್ತು ಎಣಿಸಿ. ಕಾಫಿ ಮತ್ತೆ ಕಾಫಿಯ ಹಾಗೇ ಇದೆ.

ಒಂದೇ ತೊಂದರೆ. ಎಡಗಡೆ ಪೂರ್ತಿ ಬಿಡುತ್ತಾಳೆ. ಬಲಗಡೆಗೆ ಕೈ ಹೋದರೆ ಮುಖ ತಿರುಗಿಸಿಬಿಡುತ್ತಾಳೆ. ಗುರ್ ಅನ್ನುವುದಿಲ್ಲ, ಸುಮ್ನೆ ತಿರುಗುತ್ತಾಳೆ. ಡಾಕ್ಟರ್ ಗಾಯ ಮಾಯ್ದಿದೆ ಅಂದಿದ್ದಾರೆ.

ಟೈಲರ್ ಅಕ್ಕ, ಶಿವಮೊಗ್ಗ:

ಓದಿ ತುಂಬಾ ಖುಷಿಯಾಯಿತು ಮೇಷ್ಟ್ರೇ. ಬಲಗಡೆ ಅಷ್ಟು ದಿನ ನೋವಿತ್ತು, ನೆನಪು ಅಷ್ಟು ಬೇಗ ಹೋಗುವುದಿಲ್ಲ. ಎಡಗಡೆ ಕಲಿತಿದ್ದು ಬಲಗಡೆಗೆ ಬರುವುದಿಲ್ಲ, ಅದಕ್ಕೆ ಪಾಠ ಮೊದಲಿನಿಂದ. ಬಲಗಡೆಗೆ ಮತ್ತೆ ಬರೀ ಬೆರಳು, ಬರೀ ಪೇಸ್ಟ್, ಒಂದು ವಾರ. ಎಡಗಡೆ ಬ್ರಷ್ ನಡೆಯುತ್ತಲೇ ಇರಲಿ.

ಇನ್ನೊಂದು. ನೀವು ಜಗಲಿಯಲ್ಲಿ ದಿನಾ ಒಂದೇ ಜಾಗದಲ್ಲಿ ಕೂರುತ್ತೀರಿ ಅಲ್ವಾ? ಅವಳ ಎಡಗಡೆ ನಿಮ್ಮ ಕಡೆಗೆ ಇರುತ್ತದೆ, ಬಲಗಡೆಗೆ ನಿಮ್ಮ ಕೈ ಮುಖದ ಮೇಲಿಂದ ದಾಟಿ ಹೋಗಬೇಕು. ಅದಕ್ಕೇ ತಿರುಗುವುದು. ಕುರ್ಚಿಯನ್ನು ಆ ಕಡೆ ಹಾಕಿಕೊಂಡು ನೋಡಿ.

ಗಣಿತ ಮೇಷ್ಟ್ರು, ಮೈಸೂರು:

ಈಗಷ್ಟೇ ಹೋಗಿ ನೋಡಿ ಬಂದೆ. ನೀವು ಹೇಳಿದ್ದು ಸರಿ, ಹನ್ನೆರಡು ವರ್ಷದಿಂದ ಕುರ್ಚಿ ಒಂದೇ ಕಡೆ ಇದೆ, ನೆಲದಲ್ಲಿ ಕಾಲಿನ ಗುರುತೇ ಬಿದ್ದಿದೆ. ಆ ಕಡೆ ಹಾಕಿಕೊಂಡರೆ ಪೇಪರಿಗೆ ಬೆಳಕು ಬೀಳುವುದಿಲ್ಲ. ನಾಳೆಯಿಂದ ಓದುವುದು ಈ ಕಡೆ, ಉಜ್ಜುವುದು ಆ ಕಡೆ.